ಷೇರುಪೇಟೆ ಅಲ್ಲೋಲಕಲ್ಲೋಲವಾದಾಗ ಉಳಿತಾಯ ಮತ್ತು ಹೂಡಿಕೆ: ಹಂತ ಹಂತವಾದ ಮಾರ್ಗದರ್ಶಿ

ಪೇಟೆ ಒಂದೇ ವಾರದಲ್ಲಿ ಶೇ 10ರಷ್ಟು ಇಳಿದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇನ್ನೂ ಬೀಳುತ್ತದೆಯೇ? ಇದಕ್ಕೆ ನಂಬಬಹುದಾದ ಉತ್ತರ ಯಾರ ಬಳಿಯೂ ಇಲ್ಲ. ಇದೆ ಎಂದು ಹೇಳಿಕೊಳ್ಳುವವರ ಕೈಗೆ ನಿಮ್ಮ ಹಣ ಕೊಡಬೇಡಿ. ನೀವೇ ಉತ್ತರಿಸಬಹುದಾದ ಪ್ರಶ್ನೆ ಬೇರೆಯೇ ಇದೆ: ಈ ಹಣ ನನಗೆ ಯಾವಾಗ ಬೇಕು? ಮುಂದೆ ಬರುವ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹೊರಡುತ್ತವೆ.

ಮೊದಲು ತಿಳಿದಿರಬೇಕಾದ ಇತಿಹಾಸ

ಕುಸಿತಗಳು ಒಂದರಂತೆ ಒಂದು ಇರುವುದಿಲ್ಲ. 2020ರಲ್ಲಿ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ (ಅಲ್ಲಿನ ಸುಮಾರು 500 ದೊಡ್ಡ ಕಂಪನಿಗಳ ಷೇರುಬೆಲೆಯ ಒಟ್ಟು ಅಳತೆ) ಫೆಬ್ರುವರಿ 19ರಿಂದ ಮಾರ್ಚ್ 23ರೊಳಗೆ ಶೇ 34ರಷ್ಟು ಕುಸಿಯಿತು. ಆಗಸ್ಟ್ ಹೊತ್ತಿಗೆ ಹಳೆಯ ಮಟ್ಟಕ್ಕೆ ಮರಳಿತ್ತು. ಅದೇ ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಶೇ 57ರಷ್ಟು ಇಳಿದಾಗ ಚೇತರಿಕೆಗೆ 2013ರವರೆಗೆ ಕಾಯಬೇಕಾಯಿತು. ತಂತ್ರಜ್ಞಾನ ಕಂಪನಿಗಳೇ ತುಂಬಿದ್ದ ನಾಸ್ಡಾಕ್ 2000ದಿಂದ 2002ರ ನಡುವೆ ಶೇ 78ರಷ್ಟು ಕಳೆದುಕೊಂಡು, ಹಳೆಯ ಶಿಖರವನ್ನು ಮತ್ತೆ ಮುಟ್ಟಿದ್ದು 2015ರಲ್ಲಿ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ 38,915ಕ್ಕೆ ಏರಿತ್ತು. ಆ ಗೆರೆಯನ್ನು ಅದು ದಾಟಿದ್ದು 2024ರ ಫೆಬ್ರುವರಿಯಲ್ಲಿ, ಅಂದರೆ 34 ವರ್ಷಗಳ ನಂತರ.

‘ಪೇಟೆ ಯಾವಾಗಲೂ ಚೇತರಿಸಿಕೊಳ್ಳುತ್ತದೆ’ ಎಂಬ ಸಮಾಧಾನದ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿ. ಚೇತರಿಕೆ ಆರು ತಿಂಗಳಲ್ಲಿ ಬರಬಹುದು, ಆರು ವರ್ಷಗಳಲ್ಲಿ ಬರಬಹುದು, ಒಂದೇ ದೇಶದ ಪೇಟೆಯನ್ನೇ ನೆಚ್ಚಿಕೊಂಡವರಿಗೆ ದುಡಿಮೆಯ ಕಾಲವಿಡೀ ಬರದೆಯೂ ಇರಬಹುದು. ಹೂಡಿಕೆಯ ಯೋಜನೆ ಈ ಮೂರನ್ನೂ ತಡೆದುಕೊಳ್ಳುವಂತಿರಬೇಕು.

ಹಂತ 1: ಕೆಲವು ದಿನ ಏನನ್ನೂ ಮಾರಬೇಡಿ

ಕುಸಿತದ ಸುದ್ದಿ ಕೇಳಿದ ದಿನ ತೆಗೆದುಕೊಂಡ ನಿರ್ಧಾರದಲ್ಲಿ ಲೆಕ್ಕಕ್ಕಿಂತ ಭಯವೇ ಹೆಚ್ಚಿರುತ್ತದೆ. ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳೇ ಇದು: ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ದೊಡ್ಡದು. ಅವರ ನಂತರದ ಅಂದಾಜಿನ ಪ್ರಕಾರ ಸುಮಾರು ಎರಡು ಪಟ್ಟು. ಆ ನೋವನ್ನು ನಿಲ್ಲಿಸಲೆಂದೇ ಜನ ಮಾರುತ್ತಾರೆ. ಮಾರಿದ ರಾತ್ರಿ ನಿದ್ದೆ ಬರುತ್ತದೆ, ನಿಜ. ಆದರೆ ಮತ್ತೆ ಯಾವಾಗ ಕೊಳ್ಳಬೇಕು ಎಂಬ ಎರಡನೆಯ, ಇನ್ನೂ ಕಠಿಣವಾದ ನಿರ್ಧಾರ ಮರುದಿನ ಬೆಳಿಗ್ಗೆಯೇ ಎದುರಾಗುತ್ತದೆ.

ಅದು ಎಷ್ಟು ಕಠಿಣ ಎನ್ನುವುದಕ್ಕೆ 2020ರ ಮಾರ್ಚ್ ನೋಡಿ. 16ನೇ ತಾರೀಖು ಎಸ್ ಆ್ಯಂಡ್ ಪಿ 500 ಸುಮಾರು ಶೇ 12ರಷ್ಟು ಬಿತ್ತು. 24ನೇ ತಾರೀಖು ಶೇ 9ಕ್ಕಿಂತ ಹೆಚ್ಚು ಏರಿತು. 2008ರ ಅಕ್ಟೋಬರ್ 13ರಂದು, ಬ್ಯಾಂಕುಗಳು ಮುಳುಗುತ್ತಿವೆ ಎಂಬ ಸುದ್ದಿಯ ನಡುವೆಯೇ, ಸೂಚ್ಯಂಕ ಒಂದೇ ದಿನ ಶೇ 11ಕ್ಕೂ ಮೀರಿ ಜಿಗಿಯಿತು. ಅತಿ ಕೆಟ್ಟ ದಿನಗಳೂ ಅತಿ ಒಳ್ಳೆಯ ದಿನಗಳೂ ಅಕ್ಕಪಕ್ಕದಲ್ಲೇ ಬರುತ್ತವೆ. ಒಂದನ್ನು ತಪ್ಪಿಸಿಕೊಳ್ಳಲು ಹೊರಬಂದವರು ಬಹುತೇಕ ಇನ್ನೊಂದನ್ನೂ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಮೊಬೈಲಿನಲ್ಲಿ ಬೆಲೆ ತೋರಿಸುವ ಸೂಚನೆಗಳನ್ನು ನಿಲ್ಲಿಸಿ. ಮುಂದಿನ ಕೆಲವು ದಿನ ಲೆಕ್ಕಕ್ಕೆ ಮೀಸಲಿಡಿ.

ಹಂತ 2: ಎಲ್ಲವನ್ನೂ ಒಂದು ಹಾಳೆಯ ಮೇಲೆ ತನ್ನಿ

ಕಾಗದದ ಮೇಲೆ ನಾಲ್ಕು ಕಾಲಂ ಹಾಕಿ: ಏನಿದೆ, ಎಷ್ಟಿದೆ, ಎಲ್ಲಿದೆ, ಯಾವಾಗ ಬೇಕು. ಠೇವಣಿ, ಷೇರು, ಮ್ಯೂಚುವಲ್ ಫಂಡ್, ಬಾಂಡ್ (ಸರ್ಕಾರ ಅಥವಾ ಕಂಪನಿಗೆ ನೀವು ಕೊಟ್ಟ ಸಾಲದ ಪತ್ರ), ಚಿನ್ನ, ನಿವೃತ್ತಿ ನಿಧಿ, ಎಲ್ಲವೂ ಅಲ್ಲಿಗೆ ಬರಲಿ. ಅದರ ಕೆಳಗೆ ಸಾಲಗಳು ಮತ್ತು ಅವುಗಳ ಬಡ್ಡಿದರ. ಕೊನೆಯಲ್ಲಿ ತಿಂಗಳ ಖರ್ಚನ್ನು ಎರಡಾಗಿ ಬರೆಯಿರಿ: ನಿಲ್ಲಿಸಲಾಗದ್ದು, ನಿಲ್ಲಿಸಬಹುದಾದದ್ದು.

ನಾಲ್ಕನೆಯ ಕಾಲಂ ಅನ್ನು ತುಂಬುವುದೇ ಕಷ್ಟ. ‘ಭವಿಷ್ಯಕ್ಕೆ’ ಎಂದು ಬರೆದರೆ ಉಪಯೋಗವಿಲ್ಲ. ಮಗಳ ಕಾಲೇಜು ಮೂರು ವರ್ಷಕ್ಕೆ, ಮನೆಯ ಮುಂಗಡ ಐದು ವರ್ಷಕ್ಕೆ, ನಿವೃತ್ತಿ ಹದಿನೆಂಟು ವರ್ಷಕ್ಕೆ ಎಂಬಂತೆ ವರ್ಷ ಹಾಕಿ. ಈ ಕಾಲಂ ಭರ್ತಿಯಾದ ಮೇಲೆ ಬಹಳಷ್ಟು ಜನರ ಆತಂಕ ಅರ್ಧಕ್ಕೆ ಇಳಿಯುತ್ತದೆ. ಬಿದ್ದಿರುವ ಹಣದಲ್ಲಿ ದೊಡ್ಡ ಪಾಲು ಸದ್ಯಕ್ಕೆ ಬೇಡವೇ ಬೇಡ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಹಂತ 3: ದುಬಾರಿ ಸಾಲ ತೀರಿಸಿ, ಸಾಲದ ಹಣದಲ್ಲಿ ಕೊಂಡ ಷೇರಿದ್ದರೆ ಮೊದಲು ಅದನ್ನು ನೋಡಿ

ಕ್ರೆಡಿಟ್ ಕಾರ್ಡ್ ಬಾಕಿ, ಭದ್ರತೆಯಿಲ್ಲದ ವೈಯಕ್ತಿಕ ಸಾಲಗಳ ಬಡ್ಡಿ ಸಾಮಾನ್ಯವಾಗಿ ಯಾವ ಹೂಡಿಕೆಯ ದೀರ್ಘಾವಧಿ ಸರಾಸರಿಗಿಂತಲೂ ಹೆಚ್ಚು. ಅದನ್ನು ತೀರಿಸುವುದೆಂದರೆ ಅಷ್ಟೇ ದರದ ಖಚಿತ ಗಳಿಕೆ. ಕಡಿಮೆ ಬಡ್ಡಿಯ ಗೃಹಸಾಲವನ್ನು ತುರ್ತಾಗಿ ತೀರಿಸುವ ಅಗತ್ಯವಿಲ್ಲ. ಕಂತು ತಪ್ಪದಂತೆ ನೋಡಿಕೊಂಡರೆ ಸಾಕು. ಬಡ್ಡಿದರ ಬದಲಾಗುವ ಸಾಲವಾಗಿದ್ದರೆ ದರ ಎರಡು ಶೇಕಡಾ ಅಂಶ (ಉದಾಹರಣೆಗೆ ಶೇ 8ರಿಂದ ಶೇ 10ಕ್ಕೆ) ಏರಿದರೂ ಕಂತು ಕಟ್ಟಲು ಸಾಧ್ಯವೇ ಎಂದು ಒಮ್ಮೆ ಲೆಕ್ಕ ಹಾಕಿ.

ಸಾಲ ತಂದು ಷೇರು ಕೊಂಡಿದ್ದರೆ ವಿಷಯ ಬೇರೆಯೇ. ಸ್ವಂತ ಹಣ 100, ಸಾಲ 100 ಸೇರಿಸಿ 200ರ ಷೇರು ಕೊಂಡವರ ಲೆಕ್ಕ ಹೀಗಿರುತ್ತದೆ: ಬೆಲೆ ಶೇ 30 ಇಳಿದಾಗ ಷೇರಿನ ಮೌಲ್ಯ 140. ಸಾಲದ 100 ಕಳೆದರೆ ಉಳಿಯುವುದು 40. ಪೇಟೆ ಕಳೆದುಕೊಂಡದ್ದು ಶೇ 30, ಅವರು ಕಳೆದುಕೊಂಡದ್ದು ಶೇ 60. ಶೇ 50 ಇಳಿದರೆ ಸ್ವಂತದ್ದೆಲ್ಲ ಹೋಯಿತು. ಅಷ್ಟು ಇಳಿಯುವ ಮೊದಲೇ ಸಾಲ ಕೊಟ್ಟವರು ಹೆಚ್ಚುವರಿ ಹಣ ಕೇಳುತ್ತಾರೆ. ಕೊಡದಿದ್ದರೆ ತಾವೇ ಷೇರು ಮಾರಿಬಿಡುತ್ತಾರೆ. ಕಾಯುವ ಹಕ್ಕೇ ನಿಮ್ಮ ಕೈಯಲ್ಲಿ ಇರುವುದಿಲ್ಲ. ‘ಕೆಲವು ದಿನ ಏನನ್ನೂ ಮಾರಬೇಡಿ’ ಎಂಬ ಮೊದಲ ಹಂತಕ್ಕೆ ಇದೊಂದೇ ಅಪವಾದ: ಸಾಲದ ಮೇಲೆ ನಿಂತ ಹೂಡಿಕೆಯನ್ನು ಇಂದೇ ಕಡಿಮೆ ಮಾಡಿ, ನಷ್ಟವಾದರೂ ಸರಿ.

ಹಂತ 4: ಆಪದ್ಧನ

ನಿಲ್ಲಿಸಲಾಗದ ಖರ್ಚಿನ ಮೂರರಿಂದ ಆರು ತಿಂಗಳ ಮೊತ್ತವನ್ನು ಕೈಗೆ ಸಿಗುವಂತೆ ಇಡಬೇಕು ಎಂಬುದು ಸಾಮಾನ್ಯ ನಿಯಮ. ಒಬ್ಬರ ದುಡಿಮೆಯ ಮೇಲೆ ನಿಂತ ಮನೆಯಾದರೆ, ಆದಾಯ ಏರುಪೇರಾಗುವ ವೃತ್ತಿಯಾದರೆ, ನನ್ನ ಪ್ರಕಾರ ಒಂದು ವರ್ಷದ್ದು ಬೇಕು. ಪೇಟೆ ಬಿದ್ದ ಕಾಲದಲ್ಲೇ ಉದ್ಯೋಗಗಳೂ ಹೋಗುತ್ತವೆ. ಆಪದ್ಧನವಿಲ್ಲದವರು ಅತಿ ಕಡಿಮೆ ಬೆಲೆಗೆ ಷೇರು ಮಾರಿ ದಿನ ಕಳೆಯಬೇಕಾಗುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು ಎಂಬ ಮಾತು ಈ ಹಣಕ್ಕೆ ಅಕ್ಷರಶಃ ಸಲ್ಲುತ್ತದೆ. ಆದರೂ ಇನ್ನೂ ತೋಡಿಲ್ಲದವರು ಹೊಸ ಹೂಡಿಕೆಯನ್ನು ಕೆಲವು ತಿಂಗಳು ತಡೆದು, ಬರುವ ಸಂಬಳದಿಂದ ಇದನ್ನು ಮೊದಲು ತುಂಬಿಸಲಿ.

ಎಲ್ಲಿ ಇಡಬೇಕು? ಠೇವಣಿ ವಿಮೆಯುಳ್ಳ (ಬ್ಯಾಂಕು ಮುಳುಗಿದರೂ ಒಂದು ಮಿತಿಯವರೆಗೆ ಠೇವಣಿ ಮರಳಿ ಸಿಗುವ) ಬ್ಯಾಂಕಿನ ಖಾತೆಯಲ್ಲಿ, ವಿಮೆಯ ಮಿತಿಯೊಳಗೆ. ಮಿತಿ ಎಷ್ಟು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಮೊತ್ತ ಅದಕ್ಕಿಂತ ದೊಡ್ಡದಾದರೆ ಎರಡು ಬ್ಯಾಂಕುಗಳಿಗೆ ಹಂಚಿ. ಒಂದೆರಡು ಶೇಕಡಾ ಹೆಚ್ಚು ಬಡ್ಡಿಗೆ ಆಸೆಪಟ್ಟು ಈ ಹಣವನ್ನು ಬೇರೆಡೆ ಸಾಗಿಸಬೇಡಿ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದಾಗ, ಅದರ ಸಾಲಪತ್ರಗಳನ್ನು ಇಟ್ಟುಕೊಂಡಿದ್ದ ‘ರಿಸರ್ವ್ ಪ್ರೈಮರಿ ಫಂಡ್’ ಎಂಬ ಅಮೆರಿಕದ ಹಣಪೇಟೆ ನಿಧಿಯ (ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಹೂಡುವ ನಿಧಿ) ಒಂದು ಡಾಲರ್ ಯೂನಿಟ್ 97 ಸೆಂಟ್‌ಗೆ ಇಳಿಯಿತು. ಇಳಿದದ್ದು ಮೂರೇ ಸೆಂಟ್. ಆದರೆ ಹಣ ವಾಪಸ್ ಕೊಡುವುದನ್ನೇ ನಿಧಿ ನಿಲ್ಲಿಸಿತು. ನಗದಿನಷ್ಟೇ ಸುರಕ್ಷಿತ ಎಂದು ಜನ ನಂಬಿದ್ದ ಹಣ ಬೇಕಾದ ಹೊತ್ತಿಗೆ ಸಿಗಲಿಲ್ಲ. ಆಪದ್ಧನದ ವಿಷಯದಲ್ಲಿ ಕೈಗೆ ಸಿಗುವುದೇ ಮುಖ್ಯ, ಗಳಿಕೆ ಅಲ್ಲ.

ಹಂತ 5: ಹಣವನ್ನು ವರ್ಷದ ಪ್ರಕಾರ ಬೇರ್ಪಡಿಸಿ

ಈಗ ಎರಡನೆಯ ಹಂತದ ನಾಲ್ಕನೆಯ ಕಾಲಂಗೆ ಮರಳಿ.

ಮೂರು ವರ್ಷದೊಳಗೆ ಬೇಕಾದ ಹಣ ಷೇರಿನಲ್ಲಿ ಇರಬಾರದು. ಠೇವಣಿ, ಅಲ್ಪಾವಧಿಯ ಸರ್ಕಾರಿ ಸಾಲಪತ್ರ, ಇಷ್ಟೇ. ಮಗಳ ಕಾಲೇಜಿನ ಹಣ ಈಗಾಗಲೇ ಷೇರಿನಲ್ಲಿದ್ದು ಬಿದ್ದಿದ್ದರೆ, ನೋವಾದರೂ ಮೊದಲ ವರ್ಷದ ಶುಲ್ಕದಷ್ಟನ್ನಾದರೂ ಹೊರತೆಗೆಯಿರಿ. ಪ್ರವೇಶದ ದಿನಾಂಕ ಪೇಟೆಗಾಗಿ ಕಾಯುವುದಿಲ್ಲ.

ಮೂರರಿಂದ ಏಳೆಂಟು ವರ್ಷದ ಹಣಕ್ಕೆ ಬಾಂಡ್ ಮತ್ತು ಠೇವಣಿ ಹೆಚ್ಚು, ಷೇರು ಕಡಿಮೆ. ಬಾಂಡ್ ಎಂದರೆ ನಷ್ಟವೇ ಇಲ್ಲ ಎಂದು ತಿಳಿಯುವವರು ಬಹಳ. ಬಡ್ಡಿದರ ಏರಿದಾಗ, ಕಡಿಮೆ ಬಡ್ಡಿ ಕೊಡುವ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಅವಧಿ ಉದ್ದವಾದಷ್ಟೂ ಇಳಿತ ಹೆಚ್ಚು. ಬಡ್ಡಿದರ ಬದಲಾದಾಗ ಬೆಲೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆಗೆ ‘ಡ್ಯುರೇಷನ್’ ಎನ್ನುತ್ತಾರೆ. ಅದು ಏಳು ವರ್ಷ ಇರುವ ಬಾಂಡ್ ನಿಧಿಯು ಬಡ್ಡಿದರ ಒಂದು ಶೇಕಡಾ ಅಂಶ ಏರಿದರೆ ಸುಮಾರು ಶೇ 7 ಕಳೆದುಕೊಳ್ಳುತ್ತದೆ. 2022ರಲ್ಲಿ ಆದದ್ದು ಇದೇ: ಅಮೆರಿಕದ ಕೇಂದ್ರ ಬ್ಯಾಂಕ್ ವರ್ಷದೊಳಗೆ ಬಡ್ಡಿದರವನ್ನು ಸೊನ್ನೆಯ ಸಮೀಪದಿಂದ ಶೇ 4ರ ಮೇಲಕ್ಕೆ ಒಯ್ದಾಗ ಷೇರು ಮತ್ತು ಬಾಂಡ್ ಎರಡೂ ಜೊತೆಯಾಗಿ ಬಿದ್ದವು. ಹಾಗಾಗಿ ಬಾಂಡ್ ಕೊಳ್ಳುವಾಗ ಒಂದೇ ನಿಯಮ: ಅದರ ಅವಧಿ, ನಿಮಗೆ ಹಣ ಬೇಕಾಗುವ ವರ್ಷಕ್ಕಿಂತ ಉದ್ದವಿರಬಾರದು.

ಎಂಟು ವರ್ಷ ದಾಟಿದ ಹಣಕ್ಕೆ ಅಪಾಯ ತಲೆಕೆಳಗಾಗುತ್ತದೆ. ಇಲ್ಲಿ ಶತ್ರು ಹಣದುಬ್ಬರ. ಬೆಲೆಗಳು ವರ್ಷಕ್ಕೆ ಶೇ 6ರಷ್ಟು ಏರಿದರೆ ಹನ್ನೆರಡು ವರ್ಷಗಳಲ್ಲಿ ಹಣದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ (72ನ್ನು ದರದಿಂದ ಭಾಗಿಸಿದರೆ ವರ್ಷ ಸಿಗುತ್ತದೆ). ಪೇಟೆಗೆ ಹೆದರಿ ಇಪ್ಪತ್ತು ವರ್ಷದ ಹಣವನ್ನೆಲ್ಲ ನಗದಾಗಿ ಇಟ್ಟವರ ನಷ್ಟ ಯಾವ ಸುದ್ದಿಯಲ್ಲೂ ಬರುವುದಿಲ್ಲ, ಆದರೆ ಅದು ನಷ್ಟವೇ. ಈ ಹಣ ಷೇರಿನಲ್ಲಿರಲಿ, ಅದರಲ್ಲೂ ಹಲವು ದೇಶ, ಹಲವು ಉದ್ಯಮಗಳಿಗೆ ಹರಡಿದ, ಶುಲ್ಕ ಕಡಿಮೆಯಿರುವ ಸೂಚ್ಯಂಕ ನಿಧಿಗಳಲ್ಲಿ (ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ನಿಧಿಗಳು). ಜಪಾನಿನ ಉದಾಹರಣೆ ಕೊಟ್ಟದ್ದು ಅದಕ್ಕಾಗಿಯೇ.

ಇನ್ನೊಂದು ಮಾತು, ಕೆಲಸ ಮಾಡುವ ಕಂಪನಿಯ ಷೇರಿನ ಬಗ್ಗೆ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾದಾಗ ಅದರ ಸಾವಿರಾರು ನೌಕರರು ಉದ್ಯೋಗವನ್ನೂ, ಅದೇ ಕಂಪನಿಯ ಷೇರಿನಲ್ಲಿ ಇಟ್ಟಿದ್ದ ನಿವೃತ್ತಿ ಉಳಿತಾಯವನ್ನೂ ಒಟ್ಟಿಗೆ ಕಳೆದುಕೊಂಡರು. ಸಂಬಳ ಎಲ್ಲಿಂದ ಬರುತ್ತದೆಯೋ ಅಲ್ಲಿಯೇ ಉಳಿತಾಯವೂ ಇರಬಾರದು.

ಹಂತ 6: ಷೇರಿನ ಪಾಲು ಎಷ್ಟು? ನಷ್ಟದಿಂದ ಹಿಂದಕ್ಕೆ ಲೆಕ್ಕ ಹಾಕಿ

‘ನಿಮ್ಮ ಅಪಾಯ ಸಹಿಷ್ಣುತೆ ಎಷ್ಟು’ ಎಂಬ ಪ್ರಶ್ನಾವಳಿಗಳಿಗೆ ಪೇಟೆ ಏರುತ್ತಿರುವಾಗ ಎಲ್ಲರೂ ಧೈರ್ಯದ ಉತ್ತರ ಬರೆಯುತ್ತಾರೆ. ಅದರ ಬದಲು ಹೀಗೆ ಕೇಳಿಕೊಳ್ಳಿ: ನನ್ನ ಒಟ್ಟು ದುಡ್ಡಿನಲ್ಲಿ ಎಷ್ಟು ಭಾಗ ಕರಗಿದರೂ ನಾನು ಮಾರದೆ ಕೂರಬಲ್ಲೆ? ಉತ್ತರ ಶೇ 20 ಎಂದುಕೊಳ್ಳೋಣ. ಷೇರುಗಳು ಅರ್ಧಕ್ಕೆ ಇಳಿಯುವುದು ಹಿಂದೆ ಆಗಿದೆ, ಮುಂದೆಯೂ ಆಗಬಹುದು ಎಂದು ಇಟ್ಟುಕೊಂಡರೆ, ಷೇರಿನ ಪಾಲು ಶೇ 40 ಮೀರಬಾರದು. ಶೇ 30ರ ನಷ್ಟ ತಾಳಬಲ್ಲವರಿಗೆ ಶೇ 60.

ಶೇಕಡಾವಾರನ್ನು ಬಿಟ್ಟು ಮೊತ್ತವನ್ನೇ ಬರೆದು ನೋಡಿ. ‘ಶೇ 30’ ಎಂದಾಗ ಹಗುರವೆನಿಸಿದ್ದು, ಎರಡು ವರ್ಷದ ಸಂಬಳ ಎಂದು ಬರೆದಾಗ ಭಾರವಾಗುತ್ತದೆ. ಭಾರವಾದ ಆ ಉತ್ತರವೇ ನಿಜವಾದದ್ದು. ನಷ್ಟದ ಗಣಿತವೂ ಕ್ರೂರವಾದದ್ದು: ಶೇ 20 ಕಳೆದುಕೊಂಡದ್ದನ್ನು ಮರಳಿ ಪಡೆಯಲು ಶೇ 25 ಗಳಿಸಬೇಕು, ಶೇ 50ಕ್ಕೆ ಶೇ 100, ಶೇ 80ಕ್ಕೆ ಶೇ 400.

ಹಂತ 7: ತಿಂಗಳ ಕಂತನ್ನು ನಿಲ್ಲಿಸಬೇಡಿ

ಆಪದ್ಧನ ತುಂಬಿ, ಸಂಬಳ ಬರುತ್ತಿರುವವರು ಕುಸಿತದಲ್ಲಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು. ತಿಂಗಳಿಗೆ 400ರಂತೆ ನಾಲ್ಕು ತಿಂಗಳು ಒಂದು ನಿಧಿಯಲ್ಲಿ ಹಾಕಿದಿರಿ. ಯೂನಿಟ್ ಬೆಲೆ ಕ್ರಮವಾಗಿ 100, 80, 50, 80. ನಿಮಗೆ ಸಿಕ್ಕ ಯೂನಿಟ್‌ಗಳು 4, 5, 8, 5, ಒಟ್ಟು 22. ಹಾಕಿದ್ದು 1,600, ಕೊನೆಯ ಬೆಲೆಯಲ್ಲಿ ಅದರ ಮೌಲ್ಯ 1,760. ಬೆಲೆ ಇನ್ನೂ ಮೊದಲ ದಿನಕ್ಕಿಂತ ಶೇ 20 ಕೆಳಗಿದೆ, ಆದರೂ ನಿಮಗೆ ಶೇ 10 ಲಾಭ. ಅದನ್ನು ತಂದುಕೊಟ್ಟದ್ದು ಎಲ್ಲರೂ ಕಂತು ನಿಲ್ಲಿಸುವ ಆ ಮೂರನೆಯ ತಿಂಗಳು. ಈ ಲೆಕ್ಕ ವಿಶಾಲ ಸೂಚ್ಯಂಕಗಳಿಗೆ ಸಲ್ಲುತ್ತದೆ. ಒಂದೇ ಕಂಪನಿಯ ಷೇರು 50ರಿಂದ ಸೊನ್ನೆಗೂ ಹೋಗಬಹುದು, ಅದನ್ನು ಕೊಳ್ಳುತ್ತಲೇ ಇರುವುದು ಬೇರೆ ವಿಷಯ.

ಇಡುಗಂಟು ಕೈಗೆ ಬಂದಿದ್ದರೆ? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಹಳೆಯ ಅಂಕಿಅಂಶಗಳ ಮೇಲೆ ಹೂಡಿಕೆ ನಿಧಿಗಳನ್ನು ನಡೆಸುವ ವ್ಯಾನ್‌ಗಾರ್ಡ್ ಸಂಸ್ಥೆ ಮಾಡಿದ ಅಧ್ಯಯನದಲ್ಲಿ, ಒಮ್ಮೆಗೇ ಹಾಕಿದ ಹಣ ಕಂತಿನಲ್ಲಿ ಹಾಕಿದ ಹಣಕ್ಕಿಂತ ಮೂರರಲ್ಲಿ ಎರಡು ಸಲ ಹೆಚ್ಚು ಗಳಿಸಿತ್ತು. ಲೆಕ್ಕ ಒಮ್ಮೆಗೇ ಹಾಕುವುದರ ಪರವಾಗಿದೆ. ಆದರೂ ದೊಡ್ಡ ಮೊತ್ತ ಹಾಕಿದ ಮರುವಾರ ಪೇಟೆ ಬಿದ್ದರೆ ಗಾಬರಿಯಾಗಿ ಹೊರಬರುವ ಸ್ವಭಾವ ನಿಮ್ಮದಾದರೆ, ಆರು ಅಥವಾ ಹನ್ನೆರಡು ಕಂತುಗಳಾಗಿ ಒಡೆಯಿರಿ. ಕಂತಿನ ದಿನಾಂಕಗಳನ್ನು ಈಗಲೇ ಗೊತ್ತು ಮಾಡಿ, ಸುದ್ದಿ ನೋಡಿ ಬದಲಿಸಬೇಡಿ.

ಹಂತ 8: ಅನುಪಾತವನ್ನು ಮತ್ತೆ ಸರಿಹೊಂದಿಸಿ

ಕಡಿಮೆ ಬೆಲೆಗೆ ಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು, ಕೈ ಬರುವುದಿಲ್ಲ. ಕೈ ಬರುವಂತೆ ಮಾಡುವ ನಿಯಮ ಇದು. ನಿಮ್ಮ 100ರಲ್ಲಿ 60 ಷೇರು, 40 ಬಾಂಡ್ ಇತ್ತು. ಷೇರು ಶೇ 40 ಬಿದ್ದು 36 ಆಯಿತು. ಬಾಂಡ್ 40 ಹಾಗೇ ಇದೆ. ಒಟ್ಟು 76, ಅದರಲ್ಲಿ ಷೇರು ಶೇ 47 ಮಾತ್ರ. ಮತ್ತೆ ಶೇ 60ಕ್ಕೆ ತರಲು ಷೇರು 45.6 ಇರಬೇಕು. ಅಂದರೆ ಬಾಂಡ್‌ನಿಂದ 9.6 ತೆಗೆದು ಷೇರಿಗೆ ಹಾಕಬೇಕು. ಮುಂದೆ ಷೇರು ಹಳೆಯ ಬೆಲೆಗೆ ಮರಳಿದಾಗ ನಿಮ್ಮ ಬಳಿ 76 ಷೇರು, 30.4 ಬಾಂಡ್, ಒಟ್ಟು 106.4 ಇರುತ್ತದೆ. ಏನೂ ಮಾಡದಿದ್ದವರಿಗೆ ಅದೇ 100.

ಪ್ರತಿ ಇಳಿತಕ್ಕೂ ಹೀಗೆ ಮಾಡಿದರೆ ಶುಲ್ಕ ಮತ್ತು ತೆರಿಗೆ ತಿಂದುಹಾಕುತ್ತವೆ. ವರ್ಷಕ್ಕೊಮ್ಮೆ, ಅಥವಾ ಅನುಪಾತ ಗುರಿಯಿಂದ ಐದು ಶೇಕಡಾ ಅಂಶ ಜಾರಿದಾಗ ಸಾಕು. ಹೊಸ ಕಂತನ್ನು ಬಿದ್ದ ಕಡೆಗೆ ತಿರುಗಿಸುವುದರಿಂದಲೇ ಸರಿಹೋಗುವುದಾದರೆ ಮಾರುವ ಗೊಡವೆಯೂ ಬೇಡ. ಆಪದ್ಧನವನ್ನಂತೂ ಇದಕ್ಕೆ ಮುಟ್ಟಲೇಬೇಡಿ.

ಹಂತ 9: ಮಾರುವುದು ಸರಿಯಾಗುವ ಸಂದರ್ಭಗಳು

ಹಣ ಬೇಕಾದ ದಿನ ಹತ್ತಿರ ಬಂದಿದೆ. ಸಾಲದ ಮೇಲೆ ಕೊಂಡದ್ದು. ಒಂದೇ ಕಂಪನಿಯಲ್ಲಿ ಅತಿಯಾಗಿ ಸೇರಿಕೊಂಡಿದೆ. ಕೊಂಡ ಕಾರಣವೇ ಸುಳ್ಳಾಗಿದೆ. ಆರನೆಯ ಹಂತದ ಲೆಕ್ಕದ ಪ್ರಕಾರ ಷೇರಿನ ಪಾಲು ಮೊದಲಿನಿಂದಲೂ ನಿಮ್ಮ ಶಕ್ತಿಗೆ ಮೀರಿತ್ತು. ಕೊನೆಯದಕ್ಕೆ ಒಮ್ಮೆಲೇ ಎಲ್ಲ ಮಾರದೆ, ಸರಿಯಾದ ಪಾಲಿಗೆ ಇಳಿಸಿ ಅಲ್ಲಿ ನಿಲ್ಲಿ. ‘ಕೊಂಡ ಬೆಲೆ ಬರಲಿ, ಆಮೇಲೆ ಮಾರುತ್ತೇನೆ’ ಎಂಬ ಹಟ ಬೇಡ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಪೇಟೆಗೆ ಗೊತ್ತಿಲ್ಲ. ಇಂದು ನಗದು ಕೈಯಲ್ಲಿದ್ದರೆ ಇದೇ ಷೇರನ್ನು ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ನಿವೃತ್ತರಿಗೆ ಪ್ರತ್ಯೇಕ ಹಂತ

ಉಳಿತಾಯದಿಂದಲೇ ಬದುಕುವವರಿಗೆ ಕುಸಿತ ಎಷ್ಟು ದೊಡ್ಡದು ಎಂಬಷ್ಟೇ ಮುಖ್ಯ, ಅದು ಯಾವಾಗ ಬರುತ್ತದೆ ಎಂಬುದು. ಮೂರು ವರ್ಷಗಳಲ್ಲಿ ಫಲ ಕ್ರಮವಾಗಿ ಶೇ 30 ನಷ್ಟ, ಶೇ 10 ಲಾಭ, ಶೇ 30 ಲಾಭ ಎಂದಿಟ್ಟುಕೊಳ್ಳಿ. ಹಣ ತೆಗೆಯದಿದ್ದರೆ 100 ಹೆಚ್ಚುಕಡಿಮೆ 100 ಆಗಿಯೇ ಉಳಿಯುತ್ತದೆ. ಕ್ರಮ ತಿರುಗಿಸಿದರೂ ಅಷ್ಟೇ. ಆದರೆ ಪ್ರತಿ ವರ್ಷದ ಕೊನೆಗೆ 10 ತೆಗೆದರೆ, ನಷ್ಟ ಮೊದಲು ಬಂದವರ ಬಳಿ 62.8 ಉಳಿಯುತ್ತದೆ, ನಷ್ಟ ಕೊನೆಗೆ ಬಂದವರ ಬಳಿ 75.4. ನಿವೃತ್ತಿಯ ಮೊದಲ ವರ್ಷಗಳಲ್ಲೇ ಪೇಟೆ ಬಿದ್ದಾಗ ಷೇರು ಮಾರಿ ತಿಂದರೆ, ಮುಂದೆ ಏರಲು ಅಸಲೇ ಉಳಿದಿರುವುದಿಲ್ಲ.

ಆದ್ದರಿಂದ ಪಿಂಚಣಿಯಂಥ ಖಚಿತ ಆದಾಯ ಕಳೆದು ಉಳಿಯುವ ಖರ್ಚಿನ ಎರಡು ಮೂರು ವರ್ಷದ ಮೊತ್ತವನ್ನು ನಿವೃತ್ತಿಗೆ ಮೊದಲೇ ಠೇವಣಿಗೆ ತನ್ನಿ. ಪೇಟೆ ಬಿದ್ದ ವರ್ಷ ಅದರಿಂದ ಖರ್ಚು ಮಾಡಿ, ಏರಿದ ವರ್ಷ ಷೇರಿನಿಂದ ತೆಗೆದು ಮತ್ತೆ ತುಂಬಿಸಿ. ಪ್ರವಾಸ, ಮನೆ ದುರಸ್ತಿಯಂಥ ಮುಂದೂಡಬಹುದಾದ ಖರ್ಚನ್ನು ಕೆಟ್ಟ ವರ್ಷದಲ್ಲಿ ಮುಂದೂಡುವುದೂ ಅಷ್ಟೇ ಪರಿಣಾಮಕಾರಿ.

ಮೋಸದ ಬಗ್ಗೆ ಎಚ್ಚರ

ಹೆದರಿದ ಜನರ ಬಳಿಗೆ ‘ಖಚಿತ ಲಾಭ’ದ ಕರೆಗಳು ಬೇಗ ಬರುತ್ತವೆ. ಅಮೆರಿಕದ ಹೂಡಿಕೆ ವಂಚಕ ಬರ್ನಾರ್ಡ್ ಮೇಡಾಫ್ ದಶಕಗಳ ಕಾಲ ಜನರನ್ನು ಸೆಳೆದದ್ದು ಅತಿಯಾದ ಲಾಭ ತೋರಿಸಿ ಅಲ್ಲ. ಪೇಟೆ ಹೇಗೇ ಇದ್ದರೂ ಏರಿಳಿತವಿಲ್ಲದ, ಸಾಧಾರಣ ಲಾಭ ತೋರಿಸಿ. 2008ರ ಕುಸಿತದಲ್ಲಿ ಹೂಡಿಕೆದಾರರು ಹಣ ವಾಪಸ್ ಕೇಳತೊಡಗಿದಾಗ ಕೊಡಲು ಏನೂ ಇರಲಿಲ್ಲ, ಆ ಡಿಸೆಂಬರ್‌ನಲ್ಲಿ ವಂಚನೆ ಬಯಲಾಯಿತು. ಯಾರೇ ಯೋಜನೆ ತಂದರೂ ನಾಲ್ಕು ವಿಷಯ ವಿಚಾರಿಸಿ: ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಇದೆಯೇ, ನನ್ನ ಹಣ ಅವರಿಂದ ಬೇರೆಯಾದ ಸಂಸ್ಥೆಯ ವಶದಲ್ಲಿ ಇರುತ್ತದೆಯೇ, ಲಾಭ ಎಲ್ಲಿಂದ ಹುಟ್ಟುತ್ತದೆ, ಬೇಕೆಂದಾಗ ಎಷ್ಟು ದಿನದಲ್ಲಿ ವಾಪಸ್ ಸಿಗುತ್ತದೆ. ‘ಇಂದೇ ನಿರ್ಧರಿಸಿ’ ಎಂದವರಿಗೆ ನಿಮ್ಮ ಉತ್ತರ ‘ಬೇಡ’ ಎಂದೇ ಇರಲಿ.

ಹಂತ 10: ಬರೆದು ಸಹಿ ಹಾಕಿ

ಒಂದೇ ಪುಟ ಸಾಕು. ಅದರಲ್ಲಿ ಇರಬೇಕಾದದ್ದು: ಆಪದ್ಧನದ ಮೊತ್ತ ಮತ್ತು ಅದು ಇರುವ ಖಾತೆ, ಪ್ರತಿ ಗುರಿಯ ವರ್ಷ, ಷೇರು ಮತ್ತು ಬಾಂಡ್‌ನ ಅನುಪಾತ, ತಿಂಗಳ ಕಂತು, ಸರಿಹೊಂದಿಸುವ ತಿಂಗಳು, ಯಾವ ಸಂದರ್ಭದಲ್ಲಿ ಮಾತ್ರ ಮಾರುತ್ತೇನೆ ಎಂಬ ಒಂದು ವಾಕ್ಯ. ಸಂಗಾತಿ ಇದ್ದರೆ ಇಬ್ಬರೂ ಓದಿ ಸಹಿ ಹಾಕಿ. ಈ ಪುಟವನ್ನು ಬದಲಿಸಬೇಕೆನಿಸಿದರೆ ಬದಲಾವಣೆಯನ್ನು ಕಾರಣದೊಡನೆ ಬರೆದಿಟ್ಟು ಮೂವತ್ತು ದಿನ ಬಿಟ್ಟು ಜಾರಿಗೆ ತನ್ನಿ. ಉದ್ಯೋಗ ಹೋದದ್ದು, ಕಾಯಿಲೆ, ಮದುವೆ, ಮಗು, ಇಂಥ ಬದುಕಿನ ಬದಲಾವಣೆಗಳಿಗೆ ಮಾತ್ರ ಈ ಮೂವತ್ತು ದಿನದ ತಡೆ ಬೇಡ. ಪುಟದ ಕೆಳಗೆ ಮುಂದಿನ ಪರಿಶೀಲನೆಯ ದಿನಾಂಕ ಬರೆದು, ಅದನ್ನು ಮನೆಯವರಿಗೆ ಗೊತ್ತಿರುವ ಜಾಗದಲ್ಲಿ, ಖಾತೆಗಳ ಪಟ್ಟಿ ಮತ್ತು ನಾಮನಿರ್ದೇಶನದ ಕಾಗದಗಳ ಜೊತೆಗೆ ಇಡಿ.